ಕರಿ ಕಂಬಳಿಯ ಪರೀಕ್ಷೆ

ಬ್ರೂಸ್‌ಪೇಟೆಯಲ್ಲಿ ವಿಡಿಯೊ ಕ್ಯಾಮೆರಾ ಬಾಡಿಗೆಗೆ ಕೊಡುತ್ತಿದ್ದ ಆ ಮನುಷ್ಯ ಯಾರನ್ನೂ ನಂಬುತ್ತಿರಲಿಲ್ಲ, ಕ್ಯಾಮೆರಾಗಳನ್ನಂತೂ ಇಲ್ಲವೇ ಇಲ್ಲ. ಹೊಸದೊಂದು ಬಂದರೆ ಹಿಂದಿನ ಕೋಣೆಯ ಬಾಗಿಲು ಮುಚ್ಚಿ, ಗೋಡೆಗೆ ಕರಿ ಕಂಬಳಿ ನೇತುಹಾಕಿ, ಒಂದು ಸಣ್ಣ ದೀಪದ ಬೆಳಕಿನಲ್ಲಿ ಆ ಕಂಬಳಿಯನ್ನೇ ಹೊಸ ಕ್ಯಾಮೆರಾದಿಂದ ಚಿತ್ರೀಕರಿಸುತ್ತಿದ್ದ. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ನೂಲು ಎಲ್ಲೈತಿ?" ಎಂದು ಕೇಳುತ್ತಿದ್ದ. ಯಾರನ್ನು ಕೇಳುತ್ತಿದ್ದನೋ, ಕ್ಯಾಮೆರಾವನ್ನೇ ಇರಬೇಕು.

ಒಮ್ಮೆ ನಾನು ನಮ್ಮವ್ವನ ಜೊತೆ ಪೇಟೆಗೆ ಹೋದಾಗ ಅವನ ಅಂಗಡಿ ಹೊಕ್ಕು, ಕತ್ತಲಲ್ಲೂ ಚೆನ್ನಾಗಿ ತೆಗೆಯುತ್ತದೆಂದು ಎಲ್ಲರೂ ಹೊಗಳುತ್ತಿದ್ದ ಹೊಸ ಕ್ಯಾಮೆರಾ ಕೇಳಿದೆ.

"ಕತ್ತಲಾಗ ತೆಗೆದ್ರೂ ಇದರಾಗ ಚಿತ್ರದ ತುಂಬ ಚುಕ್ಕಿ ಚುಕ್ಕಿ ಬರಂಗಿಲ್ಲ, ಖರೆ. ಆದ್ರ ಕಂಬಳಿ ನೂಲೂ ಕಾಣಲಿಲ್ರಿ. ಚುಕ್ಕಿ ಜೋಡಿ ಮತ್ತೇನೇನು ಒರಸ್ತತೋ ಯಾರಿಗ್ಗೊತ್ತು? ಒಂದು ಲೈಟು ಒಯ್ರಿ," ಎಂದ.

ಲೈಟಿನ ಬಾಡಿಗೆಗಾಗಿ ಈ ಕಥೆ ಎಂದು ನನಗೆ ಅನುಮಾನ. ಒಯ್ಯಲಿಲ್ಲ.

ಕರೂರಿನ ನಮ್ಮ ಮನೆಯ ಅಡುಗೆಕೋಣೆಗೆ ಕಿಟಕಿಯಿಲ್ಲ. ಬರೀ ಒಲೆಯ ಬೆಳಕಿನಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ತೆಗೆದೆ. ಚಿತ್ರ ನೀರಿನಷ್ಟು ತಿಳಿಯಾಗಿ ಬಂತು. ಕ್ಯಾಮೆರಾ ತಿರುಗಿ ಕೊಡುವಾಗ ಗೆದ್ದವನ ಹಾಗೆ ಅವನ ಮುಂದೆ ಹಿಡಿದೆ.

ಆತ ಪರದೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ. ಈ ಸಲ ನೂಲೆಲ್ಲಿ ಎಂದು ಕೇಳಲಿಲ್ಲ.

"ನಿಮ್ಮವ್ವಾರ ಹಣಿಮ್ಯಾಲೆ ಹಸರು ಹಚ್ಚಿಬಟ್ಟು ಇತ್ತಲ್ರಿ. ಎಲ್ಲಿ ಹೋತು?"

ಆತ ಅವ್ವನನ್ನು ನೋಡಿದ್ದು ಒಂದೇ ಸಲ, ಅಂಗಡಿಯ ಬಾಗಿಲಲ್ಲಿ. ನಾನು ಆ ಚಿತ್ರವನ್ನೇ ಹತ್ತು ಸಲ ನೋಡಿದ್ದೆ.