ವಿತ್‌ಹೆಲ್ಡ್ ಆದ ನಮ್ಮ ಮೊಮ್ಮಗಳು

ನಮ್ಮ ಮೊಮ್ಮಗಳು ಆಯ್ಕೆಯಾದಳು. ಮೊದಲು ಅದನ್ನ ಹೇಳಿಬಿಡ್ತೀನಿ, ಮಿಕ್ಕಿದ್ದೆಲ್ಲ ಆಮೇಲೆ. ಫ್ರಾನ್ಸ್ ದೇಶದ ಒಂದು ಚಿಕ್ಕ ಊರಲ್ಲಿ ಬರೀ ಬ್ರೆಡ್ಡು ಮಾಡೋದನ್ನೇ ಕಲಿಸೋ ಶಾಲೆ ಇದೆ. ಹೊರದೇಶದ ಕೆಲವೇ ಕೆಲವರನ್ನ ಆರಿಸಿ, ಊಟ ವಸತಿ ತಾವೇ ಕೊಟ್ಟು, ಮೂರು ತಿಂಗಳು ಭಟ್ಟಿ ಮುಂದೆ ನಿಲ್ಲಿಸಿ ಕೆಲಸ ಕಲಿಸಿ ಕಳಿಸ್ತಾರೆ. ಆ ಕೆಲವರಲ್ಲಿ ಬೆಂಗಳೂರು ವಿಜಯನಗರದ ನಮ್ಮ ಬೇಕರಿ ಹುಡುಗಿ ಒಬ್ಬಳು. ಸುದ್ದಿ ಗಟ್ಟಿಯಾದ ಮೇಲೆ ನಾನು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳಿದೆ. ಬೆಣ್ಣೆ ಬಿಸ್ಕತ್ತು ಕೇಳಿದವರಿಗೂ ಹೇಳಿದೆ, ನೋಟಿಗೆ ಚಿಲ್ಲರೆ ಕೇಳೋಕೆ ಬಂದ ಆಟೋದವನಿಗೂ ಹೇಳಿದೆ. ಆತ ಚಿಲ್ಲರೆ ಮರೆತು ಹೊರಟುಹೋಗಿದ್ದ, ಕೂಗಿ ಕರೆದು ಕೊಟ್ಟೆ.

ಇದು ಎರಡು ಸಾವಿರದ ಒಂಬತ್ತನೇ ಇಸವಿ, ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ ನಡೆದಿದ್ದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ಪೇಪರು ಓದ್ತೀನಿ, ಇಂಗ್ಲಿಷಿನಲ್ಲಿ ಬಸ್ಸಿನ ನಂಬರ್ ಬಿಟ್ಟರೆ ಬೋರ್ಡಿನ ಮೇಲಿನ ಒಂದೆರಡು ಪದ ಗುರುತು ಹಿಡೀತೀನಿ, ಅಷ್ಟೇ. ಹಾಗಾಗಿ ಕಂಪ್ಯೂಟರಿನ ವಿಷಯ ನಾನು ಬರೆದಿದ್ದರಲ್ಲಿ ತಪ್ಪಿದ್ದರೆ ಅದು ನನ್ನದು, ನನಗೆ ಹೇಳಿಕೊಟ್ಟ ಮೊಮ್ಮಗಳದಲ್ಲ.

ನಮ್ಮದು ಮಾರ್ಕೆಟ್ಟಿನ ಹಿಂದಿನ ಬೀದಿ. ಕೆಳಗೆ ಬೇಕರಿ, ಮೇಲೆ ಮನೆ. ನಮ್ಮ ಯಜಮಾನರು ಹುಡುಗನಾಗಿದ್ದಾಗ ರಾಜಾಜಿನಗರದ ಒಂದು ಬೇಕರಿಗೆ ಟ್ರೇ ತೊಳೆಯೋಕೆ ಸೇರಿ, ಕೆಲಸ ಕಲಿತು, ಆಮೇಲೆ ಇಲ್ಲಿ ಸ್ವಂತ ಭಟ್ಟಿ ಕಟ್ಟಿಸಿದರು. ಈಗ ಭಟ್ಟಿ ನೋಡಿಕೊಳ್ಳೋದು ಮಗ. ಸೊಸೆ ಕೇಕು, ಪಫ್ಸು ನೋಡ್ತಾಳೆ, ನಾನು ಗಲ್ಲಾ. ಮೊಮ್ಮಗಳು ಬಿ.ಕಾಂ. ಓದ್ತಿದ್ದಳು, ಆದರೆ ಅವಳ ಜೀವ ಇದ್ದಿದ್ದು ಹಿಟ್ಟಿನಲ್ಲಿ. ಚಿಕ್ಕವಳಿದ್ದಾಗಲೇ ತಾತನ ಪಕ್ಕ ಮಣೆ ಹಾಕ್ಕೊಂಡು ನಿಂತು ಬನ್ನು ಉಂಡೆ ಕಟ್ಟೋಳು.

ಒಂದು ಸಲ ಅವಳ ತಾತ ಹಳೇ ಕಾಲದ ಮಾತು ತೆಗೆದರು. ಆಗೆಲ್ಲ ಈಸ್ಟು ಸಿಗದೇ ಹೋದ ದಿನ, ನಿನ್ನೆಯ ಹಿಟ್ಟಲ್ಲಿ ಒಂದು ಹಿಡಿ ಎತ್ತಿಟ್ಟು, ಅದನ್ನೇ ಇವತ್ತಿನ ಹಿಟ್ಟಿಗೆ ಕಲಸಿ ಉಬ್ಬಿಸ್ತಿದ್ದರಂತೆ. ಹಳೇ ಹಿಟ್ಟು ಅಂತಲೇ ಅದಕ್ಕೆ ಹೆಸರು. ಈ ಮಾತು ಅವಳ ತಲೆಯಲ್ಲಿ ಕೂತುಬಿಡ್ತು. ಕಂಪ್ಯೂಟರಿನಲ್ಲಿ ಹುಡುಕ್ತಾ ಹುಡುಕ್ತಾ ಈ ಶಾಲೆಯ ಪುಟ ಸಿಕ್ಕಿತು. ಅಲ್ಲಿ ಬ್ರೆಡ್ಡೆಲ್ಲ ಮಾಡೋದು ಹಳೇ ಹಿಟ್ಟಿನಲ್ಲೇ. ಕಷ್ಟ ಏನೂಂದ್ರೆ, ಪುಟ ಪೂರ್ತಿ ಅವರ ಭಾಷೆಯಲ್ಲಿತ್ತು.

ಮೊದಲ ದಿನ ಸೊಸೆ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, ಇದೇನೇ ಪುಟದ ತುಂಬಾ ಪೇಯ್ನ್ ಪೇಯ್ನ್ ಅಂತ ಬರೆದಿದ್ದಾರೆ, ಇದು ಶಾಲೆಯೋ ಆಸ್ಪತ್ರೆಯೋ ಅಂದಳು. ಅಮ್ಮ, ಅವರ ಭಾಷೆಯಲ್ಲಿ ಬ್ರೆಡ್ಡಿಗೆ ಹಾಗೇ ಬರೆಯೋದು, ಓದೋದು ಬೇರೆ ಥರ ಅಂತ ಮೊಮ್ಮಗಳು ನಕ್ಕಳು. ಪೇಯ್ನ್ ಅಂದರೆ ಇಂಗ್ಲಿಷಿನಲ್ಲಿ ನೋವು ಅಂತ ನನಗೆ ಬಿಡಿಸಿ ಹೇಳಿದರು. ಮಂಚದ ಮೇಲೆ ಕೂತು ಮಂಡಿ ನೀವಿಕೊಳ್ತಿದ್ದ ನಮ್ಮ ಯಜಮಾನರು ಸುಮ್ಮನಿರ್ತಾರಾ?

"ಭಟ್ಟಿ ಮುಂದೆ ಜನ್ಮ ಕಳೆದಿದೀನಿ ಕಣಮ್ಮ, ಅವರು ಸರಿಯಾಗೇ ಬರೆದಿದ್ದಾರೆ."

ಪರದೆಯ ಮೇಲ್ಗಡೆ ಅವಳು ಒಂದು ಗುಂಡಿ ಸೇರಿಸಿಕೊಂಡಿದ್ದಳು. ಅದನ್ನ ಒತ್ತಿದರೆ ಪುಟ ಒಂದು ಸಲ ಮಿನುಗಿ ಇಂಗ್ಲಿಷಿಗೆ ತಿರುಗೋದು. ಕನ್ನಡಕ್ಕೆ ತಿರುಗಿಸೇ ಅಂದರೆ, ಅದಕ್ಕಿನ್ನೂ ಕನ್ನಡ ಬರಲ್ಲ ಅಜ್ಜಿ ಅಂದಳು. ಇಷ್ಟು ದೊಡ್ಡ ಮೆಷಿನ್ನಿಗೆ ಕನ್ನಡ ಬರಲ್ಲವಾ ಅಂತ ನನಗೆ ಸ್ವಲ್ಪ ಅಸಡ್ಡೆಯೇ ಆಯ್ತು. ಇಂಗ್ಲಿಷಿಗೆ ತಿರುಗಿದ್ದೂ ನೆಟ್ಟಗೆ ಇರ್ತಿರಲಿಲ್ಲ. ಹಿಟ್ಟಿಗೆ ಅಂಟು ಅಂತ ಬರೋದು, ಹಳೇ ಹಿಟ್ಟಿಗೆ ಹುಳಿ ಅಂತ ಬರೋದು. ಅವಳು ಬೇಸರ ಮಾಡ್ಕೊಳ್ತಿರಲಿಲ್ಲ. ಅಂಟು ರಾತ್ರಿಯೆಲ್ಲ ವಿಶ್ರಾಂತಿ ತಗೋಬೇಕು ಅಂತ ಓದಿ, ನೋಡು ತಾತ, ನೀನು ಹೇಳೋದನ್ನೇ ಹೇಳ್ತಿದ್ದಾರೆ ಅನ್ನೋಳು.

ಕೆಲವು ಕಡೆ ಗುಂಡಿ ಒತ್ತಿದರೂ ಅಕ್ಷರ ಜಪ್ಪಯ್ಯ ಅಂದರೂ ಬದಲಾಗ್ತಿರಲಿಲ್ಲ. ಅದು ಅಕ್ಷರ ಅಲ್ಲ, ಅಕ್ಷರದ ಫೋಟೋ, ಮೆಷಿನ್ನಿಗೆ ಫೋಟೋ ಓದೋಕೆ ಬರಲ್ಲ ಅಂತ ಅವಳೇ ಕಂಡುಹಿಡಿದಳು. ಆ ಪದಗಳನ್ನ ಒಂದೊಂದೇ ನೋಡಿ ಕೈಯಿಂದ ಟೈಪ್ ಮಾಡಿ ಅರ್ಥ ತೆಗೆಯೋಳು. ಅದರಲ್ಲೂ ಒಂದು ತಕರಾರು. ಅವರ ಅಕ್ಷರಗಳಿಗೆ ತಲೆ ಮೇಲೆ ಸಣ್ಣ ಟೋಪಿ, ಗೀಟು ಇರುತ್ತವೆ. ಟೋಪಿ ಬಿಟ್ಟು ಬರೆದಾಗ ಹಿಟ್ಟು ಹೋಗಿ ಯಾವುದೋ ಮಾಂಸದ ತಿಂಡಿ ಆಗಿತ್ತು. ನಮ್ಮಲ್ಲಿ ದೀರ್ಘ ಬಿಟ್ಟರೆ ಬಾಳೆ ಹೋಗಿ ಬಳೆ ಆಗಲ್ವಾ, ಹಾಗೆ ಅಜ್ಜಿ ಅಂತ ನನಗೆ ಅರ್ಥ ಆಗೋ ಹಾಗೆ ಹೇಳಿದಳು. ಅವಳು ಕಾಲೇಜಿನಿಂದ ಬಂದು ಹೀಗೆ ಕೂತಿರೋದನ್ನ ಬಾಗಿಲಲ್ಲಿ ನಿಂತು ನೋಡೋದೇ ನನಗೊಂದು ಖುಷಿ. ಯಾರೂ ಹೇಳಿಕೊಟ್ಟಿದ್ದಲ್ಲ.

ಆ ಶಾಲೆಯವರು ಅರ್ಜಿಯನ್ನ ಇಂಗ್ಲಿಷಿನಲ್ಲಿ ಬರೆದರೂ ಆಗುತ್ತೆ ಅಂದಿದ್ದರು. ತಾತನ ಹಳೇ ಹಿಟ್ಟಿನ ವಿಷಯವನ್ನೇ ಬರೆದು ಕಳಿಸಿದಳು. ಆರಿಸಿದವರ ಹೆಸರನ್ನ ಪುಟದಲ್ಲಿ ಹಾಕ್ತೀವಿ ಅಂತ ಅವರಿಂದ ಉತ್ತರ ಬಂತು. ಆಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅವಳ ಅಪ್ಪ ಮಾತ್ರ ಆಗೋದಾದ್ರೆ ಆಗುತ್ತೆ ಅಂತ ಇದ್ದ. ಆದರೆ ದಿನಾ ಬೆಳಗ್ಗೆ ಮೊದಲ ಟ್ರೇ ಇಳಿಸಿ ಮೇಲೆ ಬಂದು, ಏನಾದ್ರೂ ಬಂತಾ ಅಂತ ಕೇಳ್ತಿದ್ದವನು ಅವನೇ.

ಆ ಬೆಳಗ್ಗೆ ಅವಳು ಪುಟ ತೆಗೆದಾಗ ಅವನು ಹಿಂದೆ ನಿಂತಿದ್ದ, ನಾನು ಕಾಫಿ ಹಿಡಿದು ಪಕ್ಕದಲ್ಲಿ. ಹೆಸರುಗಳ ಸಾಲು ಬಂತು. ಅದರಲ್ಲಿ ಅವಳ ಹೆಸರಿತ್ತು, ಮುಂದೆ ನಮ್ಮ ದೇಶದ ಹೆಸರೂ ಇದೆ ಅಂತ ಅವಳೇ ಬೆರಳಿಟ್ಟು ತೋರಿಸಿದಳು. ನನಗೆ ಕುಣಿಯೋ ಹಾಗಾಯ್ತು. ಅಷ್ಟರಲ್ಲಿ ಅವಳು ಗುಂಡಿ ಒತ್ತಿದಳು. ಸಾಲಿನ ತಲೆ ಮೇಲಿದ್ದ ಪದ ಇಂಗ್ಲಿಷಿಗೆ ತಿರುಗಿತು. ನನ್ನ ಮಗ ಅದನ್ನ ಮೆಲ್ಲಗೆ ಓದಿದ.

"ವಿತ್‌ಹೆಲ್ಡ್."

ಆ ಒಂದು ಇಂಗ್ಲಿಷ್ ಪದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಲ್ಲಿ ಮಕ್ಕಳನ್ನ ಎಸ್ಸೆಸ್ಸೆಲ್ಸಿ ಓದಿಸಿದ ಯಾವ ತಾಯಿಗೂ ಅದು ಗೊತ್ತು. ಪಾಸೂ ಅಲ್ಲ, ಫೇಲೂ ಅಲ್ಲ, ನಿನ್ನ ಫಲಿತಾಂಶ ತಡೆಹಿಡಿದಿದ್ದೀವಿ, ಯಾಕೆ ಅಂತ ಕೇಳಬೇಡ. ನನ್ನ ಮಗನ ನಂಬರಿನ ಮುಂದೆ ಸ್ಕೂಲಿನ ಬೋರ್ಡಿನಲ್ಲಿ ಹಾಗೇ ಬರೆದಿತ್ತು. ಜೊತೆ ಹುಡುಗರು ಅಂಗಡಿಗೆ ಬಂದು ಪಾಸಾಗಿದ್ದಕ್ಕೆ ಕೇಕು ತಗೊಂಡು ಹೋದರು, ಇವನು ಒಳಗೆ ಹಿಟ್ಟಿನ ಮೂಟೆ ಮೇಲೆ ಕೂತಿದ್ದ. ಕಾಪಿ ಹೊಡೆದಿರಬೇಕು ಅಂತ ಬೀದಿಯಲ್ಲಿ ಮಾತಾಡಿಕೊಂಡರು. ಕೊನೆಗೆ ನೋಡಿದರೆ ಎಲ್ಲೋ ನಂಬರು ಅದಲುಬದಲಾಗಿತ್ತು ಅಷ್ಟೇ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ. ಅದು ಗೊತ್ತಾಗೋ ಹೊತ್ತಿಗೆ ಕಾಲೇಜುಗಳಲ್ಲಿ ಸೀಟು ತುಂಬಿಹೋಗಿತ್ತು. ಒಂದು ವರ್ಷ ಭಟ್ಟಿ ನೋಡ್ಕೋ ಅಂದರು ಅವರಪ್ಪ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಮಗ ಕೆಳಗಿಳಿದು ಹೋದ. ಅವಳು ಪರದೆ ನೋಡ್ತಾನೇ ಕೂತಳು. ಏನೋ ಒತ್ತೋಕೆ ಹೋದಳು, ಅಷ್ಟರಲ್ಲಿ ಕರೆಂಟು ಹೋಯ್ತು. ಪರದೆ ಕಪ್ಪಾಯ್ತು. ಹಾಳು ಪದ, ಅದನ್ನೇ ಕೊನೆಗೆ ತೋರಿಸಿ ಹೋಯ್ತು.

ಕರೆಂಟು ಹೋದರೆ ನಮ್ಮಲ್ಲಿ ಹಿಟ್ಟು ಕಲಸೋ ಮೆಷಿನ್ನೂ ನಿಲ್ಲುತ್ತೆ. ಅರ್ಧ ಕಲಸಿದ ಹಿಟ್ಟನ್ನ ಬಿಡೋ ಹಾಗಿಲ್ಲ, ಕೈಯಲ್ಲೇ ನಾದಬೇಕು. ಅವಳು ಕೆಳಗೆ ಬಂದು, ಬಳೆ ತೆಗೆದಿಟ್ಟು, ಅಪ್ಪನ ಪಕ್ಕ ನಿಂತಳು. ಇಬ್ಬರೂ ನಾದೋಕೆ ಶುರು ಮಾಡಿದರು. ನಾನು ಗಲ್ಲಾದಲ್ಲಿ ಕೂತಿದ್ದರೂ ಕಿವಿ ಅಲ್ಲೇ ಇತ್ತು.

"ಬಿಡು ಮಗಳೇ," ಅಂದ ಅವನು. "ನಮ್ಮ ಬ್ರೆಡ್ಡಿಗೇನು ಕಮ್ಮಿ."

"ಅಪ್ಪ, ಬೇಡದವರ ಹೆಸರು ಯಾಕೆ ಹಾಕ್ತಾರೆ? ಆ ಪಟ್ಟಿಯಲ್ಲಿ ಇರೋರೆಲ್ಲ ವಿತ್‌ಹೆಲ್ಡ್ ಅಂದ್ರೆ, ಮತ್ತೆ ಸೆಲೆಕ್ಟ್ ಆದೋರು ಎಲ್ಲಿ?"

ಅವನು ನಾದೋದು ನಿಲ್ಲಿಸಿದ, ಅವಳು ಮುಂದುವರಿಸಿದಳು.

"ಆ ಮೆಷಿನ್ನು ಹಿಟ್ಟಿಗೆ ಅಂಟು ಅಂದಿದ್ದು ಮರೆತ್ಯಾ? ಇದರಲ್ಲೂ ಏನೋ ಎಡವಟ್ಟು ಮಾಡಿದೆ. ಕರೆಂಟು ಬರಲಿ."

ಕರೆಂಟು ಬಂದ ತಕ್ಷಣ ಅವಳು ಮೇಲೆ ಓಡಿದಳು, ಕೈಗೆ ಅಂಟಿದ್ದ ಹಿಟ್ಟನ್ನೂ ಪೂರ್ತಿ ತೊಳೆಯಲಿಲ್ಲ. ನಾನು ಗಲ್ಲಾವನ್ನ ಯಜಮಾನರಿಗೆ ಒಪ್ಪಿಸಿ ಹಿಂದೆಯೇ ಹೋದೆ. ಅವಳು ಪುಟವನ್ನ ಮೊದಲು ಇದ್ದ ಹಾಗೆ ಅವರ ಭಾಷೆಗೇ ವಾಪಸ್ ತಿರುಗಿಸಿ, ಆ ಪದ ಒಂದನ್ನೇ ಎತ್ತಿ ಕೇಳಿದಳು. ಹಿಡಿದಿಟ್ಟಿದ್ದು, ಇಟ್ಟುಕೊಂಡಿದ್ದು, ತಡೆದಿದ್ದು ಅಂತ ಎಲ್ಲಾ ಅರ್ಥವನ್ನೂ ಒಟ್ಟಿಗೆ ಹೇಳಿತು. ಹಿಂದಿಗೆ ತಿರುಗಿಸಿ ನೋಡಿದಳು, ಅಲ್ಲೂ ತಡೆದಿದ್ದು ಅಂತಲೇ. ಅವಳು ಬಿಡಲಿಲ್ಲ. ಇದೇ ಪದವನ್ನ ಇವರು ಬೇರೆಲ್ಲಿ ಬರೆದಿದ್ದಾರೆ ನೋಡೋಣ ಅಂತ ಶಾಲೆಯ ಪುಟಗಳನ್ನ ಒಂದೊಂದಾಗಿ ತೆಗೆದಳು. ಹೋದ ವರ್ಷದ ಪಟ್ಟಿ ಸಿಕ್ಕಿತು. ಅದರ ತಲೆ ಮೇಲೂ ಅದೇ ಪದ. ಇನ್ನೊಂದು ಪುಟದಲ್ಲಿ ಹೋದ ವರ್ಷ ಕಲಿತವರ ಫೋಟೋ ಇತ್ತು. ಬಿಳೀ ಏಪ್ರನ್ ಹಾಕ್ಕೊಂಡು ಭಟ್ಟಿ ಮುಂದೆ ಹಲ್ಲು ಬಿಟ್ಕೊಂಡು ನಿಂತಿದ್ದಾರೆ. ಕೆಳಗೆ ಹೆಸರುಗಳು. ಪಟ್ಟಿಯಲ್ಲಿದ್ದ ಹೆಸರುಗಳೇ.

ಆಮೇಲೆ ಒಂದು ಉದ್ದದ ವಾಕ್ಯ ಸಿಕ್ಕಿತು, ಅದರ ನಡುವೆಯೂ ಅದೇ ಪದ. ಗುಂಡಿ ಒತ್ತಿದಳು. ಈ ಸಲ ಅದೇ ಮೆಷಿನ್ನು ಆಯ್ಕೆಯಾದವರು ಅಂತ ಹೇಳಿತು.

ಅದು ಹೇಗೆ ಅಂತ ನಾನು ಕೇಳಿದೆ. ಒಂಟಿ ಪದ ಕೊಟ್ಟರೆ ಮೆಷಿನ್ನಿಗೆ ಯಾವ ಅರ್ಥ ತಗೋಬೇಕು ಅಂತ ಗೊತ್ತಾಗಲ್ಲ, ಅಕ್ಕಪಕ್ಕ ನಾಲ್ಕು ಪದ ಇದ್ದರೆ ಅವನ್ನ ನೋಡಿ ತಿಳ್ಕೊಳುತ್ತೆ ಅಂದಳು. ಕೈಯಲ್ಲಿ ಹಿಡಿದು ಇಟ್ಟುಕೊಂಡಿದ್ದು ಅನ್ನೋದು ಅವರ ಭಾಷೆಯಲ್ಲಿ ಆರಿಸಿಕೊಂಡಿದ್ದು ಅಂತಲೂ ಆಗುತ್ತಂತೆ. ಹೌದಲ್ಲ, ನಾನೂ ತರಕಾರಿಯವನ ಗಾಡಿ ಮುಂದೆ ಒಳ್ಳೇ ಬದನೆಕಾಯನ್ನ ಆರಿಸಿ ಕೈಯಲ್ಲಿ ಇಟ್ಕೊಳ್ತೀನಿ, ಬೇಡದ್ದನ್ನ ಗಾಡಿಗೆ ವಾಪಸ್ ಹಾಕ್ತೀನಿ. ನಮ್ಮ ಹುಡುಗಿಯನ್ನ ಅವರು ಕೈಯಲ್ಲಿ ಇಟ್ಕೊಂಡಿದ್ದರು.

ಆದರೂ ಅವಳು ಕೆಳಗೆ ಹೋಗಿ ಅಪ್ಪನಿಗೆ ಹೇಳಲಿಲ್ಲ. ನೂರಕ್ಕೆ ನೂರು ಗಟ್ಟಿಯಾಗಲಿ ಅಂತ ಶಾಲೆಗೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಕೇಳಿದಳು. ಅವರಿಗೆ ಬೆಳಗಾಗೋದು ನಮಗೆ ಮಧ್ಯಾಹ್ನ. ಅಲ್ಲಿತನಕ ನಾನು ಬಾಯಿ ಮುಚ್ಚಿಕೊಂಡಿದ್ದೆ, ಅದು ನನಗೆ ಸುಲಭದ ಕೆಲಸ ಅಲ್ಲ ಅಂತ ನನ್ನನ್ನ ಬಲ್ಲವರಿಗೆಲ್ಲ ಗೊತ್ತು. ಖಾರ ಬನ್ನು ಕೇಳಿದವರಿಗೆ ಆಲೂ ಬನ್ನು ಕಟ್ಟಿಕೊಟ್ಟೆ.

ಮಧ್ಯಾಹ್ನದ ಟ್ರೇ ಭಟ್ಟಿಯಿಂದ ಇಳೀತಿತ್ತು, ಆಗ ಅವಳು ಮೆಟ್ಟಿಲ ಮೇಲೆ ಬಂದು ನಿಂತಳು. ನಿಧಾನಕ್ಕೆ ಹೇಳಿದಳು, ಅಪ್ಪನ ಮುಖ ನೋಡ್ಕೊಂಡೇ.

"ಸೆಲೆಕ್ಟ್ ಆಗಿದೀನಿ ಅಪ್ಪ. ಅವರೇ ಬರೆದಿದ್ದಾರೆ. ಬೆಚ್ಚಗಿರೋ ಬಟ್ಟೆ ತನ್ನಿ, ಬೆಳಗಿನ ಜಾವ ಮೂರಕ್ಕೆ ಏಳೋದನ್ನ ಈಗಿನಿಂದಲೇ ಅಭ್ಯಾಸ ಮಾಡ್ಕೊಳ್ಳಿ ಅಂತೆ."

ಮೂರಕ್ಕೆ ಏಳೋದನ್ನ ಬೇಕರಿ ಮನೆ ಹುಡುಗಿಗೆ ಅಭ್ಯಾಸ ಮಾಡ್ಕೋ ಅಂತಾರಲ್ಲ ಅಂತ ಸೊಸೆ ನಗೋಕೆ ಶುರು ಮಾಡಿದಳು. ನಗ್ತಾ ನಗ್ತಾ ಅತ್ತಳು. ಯಜಮಾನರು ಎರಡು ಸಲ ಕೇಳಿಸಿಕೊಂಡು, ಹಳೇ ಹಿಟ್ಟಿನ ವಿಷಯ ಏನಾದ್ರೂ ಬರೆದಿದ್ದಾರಾ ಅಂತ ವಿಚಾರಿಸಿದರು. ಬರೆದಿದ್ದರಂತೆ, ತಾತ ಹೇಗೆ ಮಾಡ್ತಿದ್ದರು ಅಂತ ನಮಗೂ ತೋರಿಸಬೇಕು ಅಂತ. ಅವರು ಅಂಗಿಯ ಗುಂಡಿ ಸರಿ ಮಾಡ್ಕೊಂಡರು, ಯಾರೋ ಆಗಲೇ ಫೋಟೋ ತೆಗೆಯೋಕೆ ಬಂದ ಹಾಗೆ. ನನ್ನ ಮಗ ಟ್ರೇ ಕೆಳಗಿಟ್ಟು, ಹಿಟ್ಟಿನ ಕೈಯಲ್ಲೇ ಮಗಳ ತಲೆ ಮುಟ್ಟಿದ. ಅವಳ ಕೂದಲೆಲ್ಲ ಬೆಳ್ಳಗಾಯ್ತು, ಅವಳು ಒರೆಸಿಕೊಳ್ಳಲಿಲ್ಲ.

ಆಮೇಲೆ ನಾನು ಗಲ್ಲಾದಲ್ಲಿ ಕೂತು ಬೀದಿಗೆಲ್ಲ ಹೇಳಿದ್ದು. ಮೊದಲೇ ಬರೆದಿದೀನಿ.

ಬೇಕರಿ ಇರೋ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರೋದು ಅನ್ನೋದೇ ಇಲ್ಲ. ಸಂಜೆ ವ್ಯಾಪಾರ ಜೋರು, ಒಬ್ಬರು ಉಂಡರೆ ಒಬ್ಬರು ಗಲ್ಲಾದಲ್ಲಿರಬೇಕು. ನಾವು ಬಾಗಿಲು ಹಾಕೋದು ಆಯುಧಪೂಜೆಯ ಮಾರನೇ ದಿನ, ಅದೂ ಅರ್ಧ ದಿನ. ಈ ಸುದ್ದಿ ಬಂದ ದಿನ ಸಂಜೆ ದೀಪ ಹಚ್ಚೋ ಹೊತ್ತಿಗೆ, ಯಾರೂ ಹೇಳದೆ, ನನ್ನ ಮಗನೇ ಹೋಗಿ ಶಟರ್ ಎಳೆದ. ಸೊಸೆ ಹಿತಕಿದ ಅವರೆಬೇಳೆ ಸಾರು ಮಾಡಿದ್ದಳು, ನಾನು ಮುದ್ದೆ ತಿರುವಿದ್ದೆ. ಬ್ರೆಡ್ಡು ಮಾಡೋರ ಮನೆಯಲ್ಲಿ ಬ್ರೆಡ್ಡು ತಿನ್ನೋರು ಕಡಿಮೆ. ಅಂಗಡಿಯ ಒಳಗೇ, ಭಟ್ಟಿಯ ಬಿಸಿ ತಾಗೋ ಜಾಗದಲ್ಲಿ, ಚಾಪೆ ಹಾಸಿ ಐದು ಜನ ಸುತ್ತಲೂ ಕೂತೆವು.

ಮೊದಲ ತುತ್ತು ಮುರಿದಿದ್ದೆವು, ಯಾರೋ ಶಟರ್ ಬಡಿದರು. ದಿನಾ ಸಂಜೆ ಬ್ರೆಡ್ಡಿಗೆ ಬರೋ ಮೇಷ್ಟ್ರು. ಹುಷಾರಿಲ್ವಾ, ಏನಾಯ್ತು, ಬ್ರೆಡ್ ಇಲ್ವಾ ಅಂತ ಹೊರಗಿಂದ ಕೇಳ್ತಿದ್ದರು. ನನ್ನ ಮಗ ಎದ್ದು ಹೋಗಿ ಶಟರ್‌ನ ಒಂದು ಗೇಣು ಎತ್ತಿದ.

"ಇವತ್ತು ಬ್ರೆಡ್ಡು ವಿತ್‌ಹೆಲ್ಡ್ ಸಾರ್. ಬೆಳಗ್ಗೆ ಬನ್ನಿ, ಸಿಹಿ ಕೊಡ್ತೀನಿ."

ಆ ಪದವನ್ನ ಅವನ ಬಾಯಲ್ಲಿ ನಗ್ತಾ ಕೇಳಿದ್ದು ನಾನು ಅದೇ ಮೊದಲು. ಮೊಮ್ಮಗಳಿಗೆ ನೆತ್ತಿ ಹತ್ತಿತು, ತಾತ ನೀರು ಕೊಟ್ಟರು. ಮಗ ಶಟರ್ ಇಳಿಸಿ, ಬಂದು ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ನಾನು ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟೆ. ಸೊಸೆ ಅದರ ಮೇಲೆ ಸಾರು ಬಿಟ್ಟಳು. ಬೇಡ ಅನ್ನಲಿಲ್ಲ, ಉಂಡ.