ಶುಭಕ್ಕೊಂದು ಟ್ಯಾಬು

ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸಲು ಹೋಗುವುದು ನನ್ನ ಹುಟ್ಟುಗುಣ. ಉಪ್ಪು ಸರಿಯಾಗಿರುವ ಸಾರಿಗೂ ಒಂದು ಚಿಟಿಕೆ ಹಾಕಿ ಹೆಂಡತಿಯಿಂದ ಬೈಸಿಕೊಳ್ಳುವವನು ನಾನು. ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನಾದ್ದರಿಂದ, ನಮ್ಮೂರು ವಕ್ಕಲೇರಿಯವರಿಗಾಗಿ ಒಂದು ವೆಬ್ ಪುಟ ಮಾಡಿದ್ದೆ. ಯಾರ ಮನೆಯಲ್ಲಿ ಮದುವೆ, ಯಾರ ಮಗುವಿಗೆ ನಾಮಕರಣ, ಯಾರು ತೀರಿಕೊಂಡರು, ಎಲ್ಲವೂ ಒಂದರ ಕೆಳಗೊಂದು. ಅಂದಚಂದವೇನೂ ಇರಲಿಲ್ಲ, ಆದರೆ ಎಲ್ಲರೂ ನೋಡುತ್ತಿದ್ದರು.

ತಗಾದೆ ತೆಗೆದವರು ನಮ್ಮ ದೊಡ್ಡಮ್ಮ. "ಮದುವೆ ಹೆಣ್ಣಿನ ಫೋಟೋ ಕೆಳಗೇ ಸಾವಿನ ಸುದ್ದಿ ಹಾಕ್ತೀಯಲ್ಲೋ, ನೆಟ್ಟಗಿರುತ್ತೇನೋ?" ಅವರ ಮಾತಿನಲ್ಲೂ ನ್ಯಾಯವಿತ್ತು. ಲಗ್ನಪತ್ರಿಕೆಯ ಮೂಲೆಗೆ ಅರಿಸಿನ ಹಚ್ಚಿ ದೇವರ ಮುಂದಿಡುವ ನಾವು, ತಿಥಿಯ ಕಾಗದವನ್ನು ಓದಿದ ಕೂಡಲೇ ಹರಿದು ಹೊರಗೆ ಹಾಕುವವರು. ಶುಭವನ್ನು ಒಳಗೆ, ಅಶುಭವನ್ನು ಹೊರಗೆ ಇಡಲು ಹಿರಿಯರಿಗೆ ಹೊಸ್ತಿಲಿತ್ತು. ನನಗೆ ಜಾವಾಸ್ಕ್ರಿಪ್ಟ್ ಇತ್ತು. ಟ್ಯಾಬು, ಜಾರುವ ಚಿತ್ರ, ತೆರೆದು ಮುಚ್ಚುವ ಪೆಟ್ಟಿಗೆ ಎಲ್ಲ ಸಿದ್ಧವಾಗಿ ಸಿಗುವ ವಿಜೆಟ್ ಟೂಲ್‌ಕಿಟ್ ಒಂದನ್ನು ತಂದು ಪುಟಕ್ಕೆ ಸೇರಿಸಿದೆ. 'ಶುಭ' ಎಂಬ ಟ್ಯಾಬು ತಾನಾಗಿ ತೆರೆದಿರುತ್ತಿತ್ತು. ಪಕ್ಕದ 'ಇತರೆ' ಒತ್ತಿದರೆ ಮಾತ್ರ ಸಾವಿನ ಸುದ್ದಿ. ದೊಡ್ಡಮ್ಮನಿಗೆ ಸಮಾಧಾನವಾಯಿತು. ನನ್ನ ಹೆಮ್ಮೆಯನ್ನಂತೂ ಕೇಳುವುದೇ ಬೇಡ.

ಆಮೇಲೆ ನಮ್ಮೂರಿನ ಮುನಿಶಾಮಣ್ಣ ತೀರಿಕೊಂಡರು. ಗೌನಿಪಲ್ಲಿಯ ನನ್ನ ಸೋದರಮಾವ ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದಾಗಿನಿಂದ ಅವರಿಬ್ಬರೂ ಜೀವದ ಗೆಳೆಯರು. ಪುಟದಲ್ಲಿ ಬಂದಿದೆಯಲ್ಲ ಎಂದುಕೊಂಡು ಮಾವನಿಗೆ ಯಾರೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾವ ಆ ಬೆಳಿಗ್ಗೆ ಪುಟ ತೆರೆದು, ಯಾರದೋ ಮಗುವಿನ ನಾಮಕರಣದ ಫೋಟೋ ನೋಡಿ ನಕ್ಕು, ಮಾವಿನ ತೋಟಕ್ಕೆ ಹೋದರಂತೆ. ನಮ್ಮ ಕಡೆ ಸಾವಿಗೆ ಹೋಗುವುದನ್ನು 'ಮಣ್ಣಿಗೆ ಹೋಗುವುದು' ಎನ್ನುತ್ತಾರೆ. ಬಂದವರೆಲ್ಲ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕು. ಆ ಮಣ್ಣು ಮಾವನಿಗೆ ತಪ್ಪಿತು.

ಸುದ್ದಿ ತಡವಾಗಿ ತಿಳಿದು ತಿಥಿಗೆ ಬಂದ ಮಾವ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ಏಮ್ರಾ ಅಳಿಯಾ, ಮದುವೆ ಮೆರವಣಿಗೆ ಹೋಗೋ ಬೀದೀಲೇ ಹೆಣಾನೂ ಹೋಗುತ್ತೆ. ಊರಿಗಿರೋದು ಒಂದೇ ಬೀದಿ ಅಲ್ವೇನಪ್ಪಾ?" ಎಂದು ತೆಲುಗು ಬೆರೆತ ತಮ್ಮ ಮಾತಿನಲ್ಲಿ ಕೇಳಿದರಷ್ಟೇ. ಊಟವಾದ ಮೇಲೆ, ಮುನಿಶಾಮಣ್ಣನನ್ನು ಮಣ್ಣು ಮಾಡಿದ್ದ ಹೊಲದ ಕಡೆ ಒಬ್ಬರೇ ನಡೆದರು. ದೂರದಿಂದ ನೋಡುತ್ತಿದ್ದೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು. ಹಾಕಲು ಗುಂಡಿ ಇರಲಿಲ್ಲ. ಮುಚ್ಚಿದ ದಿಬ್ಬದ ಮೇಲೆ ಮೆಲ್ಲಗೆ ಇಟ್ಟರು.

ಅಂದು ಸಂಜೆಯೇ ಟೂಲ್‌ಕಿಟ್ ಕಿತ್ತು ಹಾಕಿದೆ. ಹಳೆಯ ಪುಟ ಇದ್ದ ಹಾಗೇ ಮರಳಿ ಬಂತು. ನಮ್ಮ ಕಸುಬಿನಲ್ಲಿ ಅದೇನೂ ಕಷ್ಟವಲ್ಲ. ದೊಡ್ಡಮ್ಮ ಮುನಿಸಿಕೊಂಡಿದ್ದಾರೆ, ಹಬ್ಬದ ಹೊತ್ತಿಗೆ ಸರಿಹೋಗುತ್ತಾರೆ. ಈಗ ಊರಲ್ಲಿ ಯಾರು ಹೋದರೂ ಪುಟಕ್ಕೆ ಹಾಕುವ ಮೊದಲು ಮಾವನಿಗೆ ಫೋನ್ ಮಾಡುತ್ತೇನೆ. ಅವರು ಕೇಳಿಸಿಕೊಂಡು, "ಸರಿ ಕಣಪ್ಪಾ" ಎನ್ನುತ್ತಾರೆ. ಬರುವುದಿಲ್ಲ. ವಕ್ಕಲೇರಿಯಲ್ಲಿ ಅವರು ಮಣ್ಣು ಹಾಕಬೇಕಾದವರು ಇನ್ನು ಯಾರೂ ಉಳಿದಿಲ್ಲ.