ರನ್‌ವೇ ಮಧ್ಯೆ ಸ್ಕೂಟರ್ ನಿಲ್ಲಿಸಿದ ಪೈಪಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಳೆಯ ಗೋದಾಮಿನೊಳಗೆ ಎರಡೇ ಸೀಟಿನ ಪುಟ್ಟ ವಿಮಾನವೊಂದು ನಿಂತಿದೆ. ಅದರ ಬಾಗಿಲಿನಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿವೆ. ಒಂದಕ್ಕೆ ನೀಲಿ ಕಾಲುಚೀಲ, ಇನ್ನೊಂದಕ್ಕೆ ಬೂದು. ಉಳಿದ ಮೈಯೆಲ್ಲ ಸೀಟಿನ ಕೆಳಗೆ ಹೊಕ್ಕಿದೆ.

"ಮೇಷ್ಟ್ರೇ, ಟಾರ್ಚ್ ಸ್ವಲ್ಪ ಎಡಕ್ಕೆ. ಎಡ ಅಂದ್ರೆ ನನ್ನ ಎಡ, ನಿಮ್ಮದಲ್ಲ" ಎಂದು ಒಳಗಿನಿಂದ ದನಿ ಬರುತ್ತದೆ.

ಟಾರ್ಚ್ ಹಿಡಿದವರು ಭೂಗೋಳದ ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಗೆ ಭೂಪಟ ತೋರಿಸಿ ಬೇಸತ್ತು, ಅದೇ ಭೂಮಿಯನ್ನು ಒಮ್ಮೆ ಮೇಲಿನಿಂದ ನೋಡೋಣವೆಂದು ಐದು ವರ್ಷ ಕೂತು ಈ ವಿಮಾನವನ್ನು ತಾವೇ ಕಟ್ಟಿದ್ದಾರೆ. ರೆಕ್ಕೆ, ಬಾಲ, ಚಕ್ರ ಎಲ್ಲ ಅವರದೇ ಕೈಕೆಲಸ. ಪೆಟ್ರೋಲಿನ ಕೊಳವೆಗೆ ಮಾತ್ರ ಅವರು ಕೈ ಹಾಕಿಲ್ಲ. "ಅದು ಪೈಪಮ್ಮನ ಇಲಾಖೆ" ಎನ್ನುತ್ತಾರೆ.

ಪೈಪಮ್ಮನಿಗೆ ಈಗ ಅರವತ್ತೊಂದು. ಮನೆಯಲ್ಲೇ ವಿಮಾನ ಕಟ್ಟಿಕೊಳ್ಳುವ ಹುಚ್ಚಿನವರ ವಲಯದಲ್ಲಿ ಈ ಅಡ್ಡಹೆಸರು ಗೊತ್ತಿಲ್ಲದವರಿಲ್ಲ. ಆ ವಲಯದಾಚೆಗೆ ಗೊತ್ತಿರುವವರೂ ಇಲ್ಲ. ಇವರು ಮಾಡುವುದು ಒಂದೇ ಕೆಲಸ: ಎಂಜಿನ್ನಿಗೆ ಪೆಟ್ರೋಲ್ ತಲುಪಿಸಲು ವಿದ್ಯುತ್ತಿನಿಂದ ನಡೆಯುವ ಎರಡನೆಯ ಪಂಪ್ ಕೂರಿಸುವುದು.

ಮೊದಲನೆಯದು ಇರುವಾಗ ಎರಡನೆಯದೇಕೆ? ಸೀಟಿನಡಿಯಿಂದ ತೆವಳಿ ಹೊರಬಂದು, ಮೊಣಕೈಯ ಧೂಳು ಕೊಡವಿಕೊಳ್ಳುತ್ತಾ ಉತ್ತರಿಸುತ್ತಾರೆ. "ಮೊದಲನೇದು ಎಂಜಿನ್ನಿಗೇ ಅಂಟ್ಕೊಂಡಿರುತ್ತೆ, ಎಂಜಿನ್ ತಿರುಗಿದ್ರೆ ಅದೂ ನಡೆಯುತ್ತೆ. ಅದರ ಹೊಟ್ಟೇಲಿ ಒಂದು ತೆಳು ರಬ್ಬರ್ ಪದರ ಇದೆ. ಅದು ಹರೀತು ಅಂದ್ಕೊಳ್ಳಿ. ಟ್ಯಾಂಕ್ ತುಂಬಾ ಪೆಟ್ರೋಲು, ಎಂಜಿನ್ನಿಗೆ ಮಾತ್ರ ಉಪವಾಸ. ಮನೆ ತುಂಬಾ ಅಡುಗೆ ಇದೆ, ಬಡಿಸೋಕೆ ಕೈಯಿಲ್ಲ ಅನ್ನೋ ಹಾಗೆ."

ಮುಷ್ಟಿಗಾತ್ರದ ಆ ಪಂಪನ್ನು ಎಂಜಿನ್ನಿನ ಪಕ್ಕದಲ್ಲೇ ಇಡಬಹುದಲ್ಲ ಎಂದು ಕೇಳುತ್ತೇನೆ. ಪೈಪಮ್ಮ ನನ್ನನ್ನು ಕನಿಕರದಿಂದ ನೋಡುತ್ತಾರೆ. "ಪಂಪು ತಳ್ಳೋದ್ರಲ್ಲಿ ಗಟ್ಟಿಗ, ಎಳೆಯೋದ್ರಲ್ಲಿ ಸೋಮಾರಿ. ಅದಕ್ಕೇ ಟ್ಯಾಂಕಿಗಿಂತ ಕೆಳಗೆ, ಅದರ ಹತ್ತಿರಾನೇ ಇಡಬೇಕು. ಎಂಜಿನ್ ಪಕ್ಕ ಇಟ್ರೆ ಬಿಸಿಗೆ ಪೆಟ್ರೋಲು ಗುಳ್ಳೆ ಏಳುತ್ತೆ. ಗುಳ್ಳೆ ಎಳೆದ ಪಂಪು ಗಾಳಿ ನುಂಗಿದ ಕೂಸಿನ ಥರ. ಸುಮ್ನೆ ಅಳುತ್ತೆ, ಹಾಲು ಕುಡಿಯಲ್ಲ."

ಇಪ್ಪತ್ತೊಂಬತ್ತು ವರ್ಷ ಇವರು ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಜೋಡಿಸುವವರಾಗಿದ್ದರು. ಗಂಡ ಬೇಗ ತೀರಿಕೊಂಡರು. ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಪಾಳಿಗೆ ಹೋಗುತ್ತಿದ್ದರು. ಕೊಳವೆಗಳ ಸೋರಿಕೆಯನ್ನು ಸೋಪಿನ ನೊರೆ ಹಚ್ಚಿ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಅದೇ ಆಸ್ಪತ್ರೆಯ ಅರಿವಳಿಕೆ ಡಾಕ್ಟರು ತಮ್ಮ ಗ್ಯಾರೇಜಿನಲ್ಲಿ ವಿಮಾನ ಕಟ್ಟುತ್ತಿದ್ದರು. ಅಲ್ಯೂಮಿನಿಯಂ ಕೊಳವೆ ಬಾಗಿಸಲು ಹೋಗಿ ಮೂರು ಸಲ ಮುರಿದ ಮೇಲೆ ಪೈಪಮ್ಮನನ್ನು ಕರೆದರು. ಅಲ್ಲಿಂದ ಬಾಯಿಂದ ಬಾಯಿಗೆ ಮಾತು ಹರಡಿತು. ನಿವೃತ್ತಿಯ ಹೊತ್ತಿಗೆ ಎಂಟು ವಿಮಾನಗಳಿಗೆ ಪಂಪ್ ಕೂರಿಸಿದ್ದರು.

ಆಮೇಲೆ ಆದದ್ದನ್ನು ಅವರೇ ಹೇಳುತ್ತಾರೆ. ನಾನಾಗಿ ಕೇಳಿರಲಿಲ್ಲ.

"ಡಾಕ್ಟರು ಮೇಲೇರ್ತಿದ್ದಾಗ ಎಂಜಿನ್ ಕೆಮ್ಮಿ ನಿಂತೋಯ್ತು. ಆಲೂಗಡ್ಡೆ ಹೊಲದಲ್ಲಿ ಇಳಿಸಿದ್ರು. ಮುಂದಿನ ಚಕ್ರ ಮುರೀತು, ಅವರ ಭುಜ ಊದ್ಕೊಂಡಿತ್ತು. ಜೀವಕ್ಕೇನೂ ಆಗಲಿಲ್ಲ. ನಾನೇ ಕಾರ್ಬ್ಯುರೇಟರ್ ಬಿಚ್ಚಿದೆ. ಒಳಗೆ ಅಕ್ಕಿಕಾಳಿನಷ್ಟು ಬಿಳೀ ಚೂರು. ನೋಡಿದ ಕೂಡಲೇ ಗೊತ್ತಾಯ್ತು, ಅದು ನಂದು."

ಆ ಚೂರು ಟೇಪಿನದು. ನಲ್ಲಿ ಸೋರದಂತೆ ತಿರುಪಿಗೆ ಸುತ್ತುವ ಬಿಳಿ ಟೇಪನ್ನು ಆಸ್ಪತ್ರೆಯ ರೂಢಿಯಂತೆಯೇ ಪೆಟ್ರೋಲ್ ಕೊಳವೆಗೂ ಸುತ್ತಿದ್ದರು. ಫಿಲ್ಟರ್ ಇರುವುದು ಪಂಪಿಗಿಂತ ಹಿಂದೆ. ಪಂಪಿನ ಮುಂದಿನ ತಿರುಪಿನಿಂದ ಟೇಪ್ ಹರಿದರೆ ಅದನ್ನು ತಡೆಯುವವರು ಯಾರೂ ಇಲ್ಲ.

ಆ ಸಂಜೆಯೇ ಪೈಪಮ್ಮ ಉಳಿದ ಏಳೂ ಮಾಲೀಕರಿಗೆ ಫೋನ್ ಮಾಡಿದರು. "ನನ್ನಿಂದ ತಪ್ಪಾಗಿದೆ, ಹಾರಬೇಡಿ, ನಾನು ಬಂದು ಬಿಚ್ಚಿ ನೋಡೋವರೆಗೂ ಹಾರಬೇಡಿ" ಎಂದು ಆರು ಜನರಿಗೆ ಹೇಳಿದರು. ಏಳನೆಯವರದು ಸ್ವಿಚ್ ಆಫ್. ಅವರು ಬೇಕರಿ ಮಾಲೀಕರು. ಮಾರನೆಯ ದಿನ ಭಾನುವಾರ, ಮಗಳನ್ನು ಕೂರಿಸಿಕೊಂಡು ಹಾರುವ ದಿನ. ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ ಪೈಪಮ್ಮ ಮೂವತ್ತೆಂಟು ಕಿಲೋಮೀಟರ್ ಹೋದರು.

"ತಲುಪಿದಾಗ ಎಂಜಿನ್ ಶುರುವಾಗಿತ್ತು. ಆ ಸದ್ದಲ್ಲಿ ಕೂಗಿದ್ರೆ ಯಾರಿಗೆ ಕೇಳುತ್ತೆ? ಸ್ಕೂಟರನ್ನ ರನ್‌ವೇ ನಟ್ಟನಡುವೆ ನಿಲ್ಲಿಸಿ, ಕೀ ಕಿತ್ಕೊಂಡು ಪಕ್ಕಕ್ಕೆ ನಿಂತೆ. ಈಗ ಹಾರು ನೋಡೋಣ ಅಂತ."

ಬೇಕರಿ ಮಾಲೀಕರು ಇಳಿದು ಬಂದು ಬಾಯಿಗೆ ಬಂದಂತೆ ಬೈದರು. ಬೈಗುಳ ಮುಗಿಯುವವರೆಗೂ ಪೈಪಮ್ಮ ಸ್ಪ್ಯಾನರ್ ಹಿಡಿದು ಕಾದರು. ಆಮೇಲೆ ಕೊಳವೆ ಬಿಚ್ಚಿದರು. ಪಂಪಿನ ಬಾಯಲ್ಲಿ ಎರಡು ಬಿಳಿ ಎಳೆ ನೇತಾಡುತ್ತಿದ್ದವು. ಒಂದು ಆಗಲೇ ಅರ್ಧ ಹರಿದಿತ್ತು. ಉಳಿದ ಆರರಲ್ಲಿ ಏನೂ ಸಿಗಲಿಲ್ಲ.

ಬೇಕರಿ ಮಾಲೀಕರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಬೇರೆಯವರಿಗೂ ಕರೆಯಬೇಡಿ ಎಂದರು. ಐದು ತಿಂಗಳು ಪೈಪಮ್ಮನಿಗೆ ಫೋನೇ ಬರಲಿಲ್ಲ. ಈ ಬರಹಕ್ಕಾಗಿ ನಾನು ಬೇಕರಿ ಮಾಲೀಕರನ್ನು ಮಾತಾಡಿಸಿದಾಗ ಹೇಳಿದರು: "ಆವತ್ತು ವಿಪರೀತ ಕೋಪ ಬಂದಿತ್ತು. ಇವತ್ತೂ ಸ್ವಲ್ಪ ಇದೆ. ಆದ್ರೆ ಮಗಳು ಪಕ್ಕದಲ್ಲಿ ಕೂತು ಟೀವಿ ನೋಡ್ತಿದಾಳೆ. ಅದನ್ನೂ ಬರ್ಕೊಳ್ಳಿ."

ಐದು ತಿಂಗಳ ನಂತರ ಬಾಗಿಲು ತಟ್ಟಿದವರು ಅದೇ ಅರಿವಳಿಕೆ ಡಾಕ್ಟರು. ರಿಪೇರಿಯಾದ ವಿಮಾನಕ್ಕೆ ಪಂಪ್ ಕೂರಿಸಬೇಕಿತ್ತು. "ನಾನು ಬೇಡ ಸಾರ್ ಅಂದೆ. 'ತಪ್ಪಾದ್ರೆ ನೀವು ಬಂದು ಹೇಳ್ತೀರಿ ಅಂತ ಗೊತ್ತು. ಬೇರೆಯವರ ಬಗ್ಗೆ ನನಗೆ ಗೊತ್ತಿಲ್ಲ' ಅಂದ್ರು. ಅತ್ತೆ ಒಳಗಿಂದಾನೇ ಕೂಗಿದ್ರು, ಹೋಗೇ, ಮನೇಲಿ ಕೂತು ನನ್ನ ತಲೆ ತಿನ್ನಬೇಡ ಅಂತ."

ಆ ಅತ್ತೆಗೆ ಈಗ ಎಂಬತ್ತನಾಲ್ಕು. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. "ಕಂಡವರ ವಿಮಾನಕ್ಕೆಲ್ಲ ಎರಡೆರಡು ಪಂಪ್ ಇಡ್ತಾಳೆ, ನನಗೊಂದು ಹೆಚ್ಚಿನ ಮೊಣಕಾಲು ಇಡೋಕಾಗಲ್ಲ ಇವಳ ಕೈಲಿ" ಎಂದು ನನ್ನ ಹತ್ತಿರ ದೂರುತ್ತಾರೆ.

ಮೇಷ್ಟ್ರ ವಿಮಾನ ಪೈಪಮ್ಮನ ಇಪ್ಪತ್ಮೂರನೆಯದು. ಒಂದೊಂದಕ್ಕೂ ನಾಲ್ಕು ದಿನ. ಕೆಲಸ ಬೆಳಗಿನ ತಂಪಿನಲ್ಲಿ ಮಾತ್ರ. ಹದಿನಾಲ್ಕು ಜೋಡಣೆ, ಒಂದೊಂದನ್ನೂ ಎರಡು ಸಲ ಬಿಚ್ಚಿ ನೋಡುತ್ತಾರೆ. ಟೇಪಿನ ಬದಲು ಈಗ ಪೆಟ್ರೋಲಿಗೆ ಕರಗದ ಮುಲಾಮು, ಅದೂ ತಿರುಪಿನ ಮೊದಲ ಎರಡು ಸುತ್ತು ಬಿಟ್ಟು.

ಇವತ್ತು ಕೊನೆಯ ಪರೀಕ್ಷೆ. ಬಾಲಕ್ಕೆ ಮರಳಿನ ಚೀಲ ಕಟ್ಟಿ ವಿಮಾನದ ಮೂತಿಯನ್ನು ಮೇಲೇರುವ ಭಂಗಿಗೆ ಎತ್ತಿ ನಿಲ್ಲಿಸಿದ್ದಾರೆ. ಎಂಜಿನ್ ಬಂದ್. ಎಂಜಿನ್ನಿನಿಂದ ಬಿಚ್ಚಿದ ಕೊಳವೆಯ ತುದಿ ಅಳತೆಯ ಜಾಡಿಯೊಳಗಿದೆ. ಸ್ವಿಚ್ ಒತ್ತಿದೊಡನೆ ಪಂಪ್ ಟಕಟಕ ಎನ್ನುತ್ತದೆ. ಪೂರ್ತಿ ವೇಗದಲ್ಲಿ ಈ ಎಂಜಿನ್ ನಿಮಿಷಕ್ಕೆ ಕುಡಿಯುವುದು ನಾನೂರೈವತ್ತು ಮಿಲಿಲೀಟರ್. ಅದರ ಒಂದೂವರೆ ಪಟ್ಟು, ಆರುನೂರ ಎಪ್ಪತ್ತೈದು, ಬಂದರಷ್ಟೇ ಪೈಪಮ್ಮನಿಗೆ ಸಮಾಧಾನ. ಒಂದು ನಿಮಿಷ ಮುಗಿಯುತ್ತದೆ. ಜಾಡಿಯಲ್ಲಿ ಆರುನೂರ ಹತ್ತು.

"ಬೇಕಾದ್ದಕ್ಕಿಂತ ಜಾಸ್ತೀನೇ ಇದೆಯಲ್ಲ" ಎನ್ನುತ್ತಾರೆ ಮೇಷ್ಟ್ರು. ಬೆಳಗ್ಗೆಯಿಂದಲೂ ಅವರ ಕಣ್ಣು ಆಕಾಶದ ಮೇಲೇ ಇದೆ.

"ಜಾಸ್ತಿ ಇದೆ, ಸಾಕಷ್ಟಿಲ್ಲ" ಎಂದು ಪೈಪಮ್ಮ ಮತ್ತೆ ಸೀಟಿನ ಕೆಳಗೆ ತೂರುತ್ತಾರೆ. ಮುಕ್ಕಾಲು ಗಂಟೆ ಹುಡುಕಿದ ಮೇಲೆ, ಬಿಗಿದು ಹಿಡಿಯುವ ಪಟ್ಟಿಯೊಂದರ ಅಡಿಯಲ್ಲಿ ಕೊಳವೆ ತುಸು ಚಪ್ಪಟೆಯಾದದ್ದು ಬೆರಳಿಗೆ ಸಿಗುತ್ತದೆ. ಬಿಚ್ಚಿ, ಹೊಸ ತುಂಡು ಹಾಕಿ, ಮತ್ತೆ ಸ್ವಿಚ್ ಒತ್ತುತ್ತಾರೆ. ಏಳುನೂರ ಮೂವತ್ತು. ಮೇಷ್ಟ್ರು ಚಪ್ಪಾಳೆ ತಟ್ಟಿಬಿಡುತ್ತಾರೆ. ಪೈಪಮ್ಮ ಜೋಡಣೆಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಬಟ್ಟೆ ಮೂಸಿ ನೋಡಿ, ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಹಾಕುತ್ತಾರೆ.

ಹೊರಡುವ ಮುನ್ನ ಒಂದು ಸುದ್ದಿ ಹೇಳುತ್ತಾರೆ. ಮುಂದಿನ ತಿಂಗಳು ವಿಮಾನ ಕಟ್ಟುವವರ ಸಂಘ ಇವರನ್ನು ಪಾಠ ಮಾಡಲು ಕರೆದಿದೆ. ಇನ್ನೂರು ಜನ ಬರುತ್ತಾರಂತೆ. ಮೈಕ್ ಬಾಯಿಂದ ಎಷ್ಟು ದೂರ ಹಿಡಿಯಬೇಕು ಎಂದು ನನ್ನನ್ನೇ ಕೇಳುತ್ತಾರೆ. ಗೇಣುದ್ದ ಸಾಕು ಎನ್ನುತ್ತೇನೆ. ಏನು ಮಾತಾಡುತ್ತೀರಿ?

ಪೈಪಮ್ಮ ಸ್ಪ್ಯಾನರುಗಳನ್ನು ಅಳತೆಯ ಕ್ರಮದಲ್ಲಿ ಪೆಟ್ಟಿಗೆಯೊಳಗೆ ಮಲಗಿಸುತ್ತಾ ಯೋಚಿಸುತ್ತಾರೆ.

"ಮೊದಲು ಟೇಪಿನ ಕತೆ ಹೇಳ್ತೀನಿ. ಅದನ್ನ ಕೇಳಿದ ಮೇಲೂ ಜನ ಎದ್ದು ಹೋಗದೆ ಕೂತಿದ್ರೆ, ಪಂಪ್ ಹೇಗೆ ಕೂರಿಸೋದು ಅಂತ ಹೇಳ್ಕೊಡ್ತೀನಿ."